ಬಳಸಿದ ಜೆಟ್ ದೋಣಿ: ಎಂಜಿನ್ ಕಿರುಚುತ್ತದೆ, ದೋಣಿ ಓಡುವುದಿಲ್ಲ. ಮುಂಗಡ ಕೊಟ್ಟಾಗಿದೆ, ದಯವಿಟ್ಟು ಸಹಾಯ ಮಾಡಿ

ಕ್ಯಾತ್ಸಂದ್ರ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ನಾನು ಇದುವರೆಗೆ ತೆಪ್ಪವನ್ನೂ ನಡೆಸಿದವನಲ್ಲ. ತಿಪಟೂರಿನ ಕಡೆ ಒಂದು ತೆಂಗಿನ ತೋಟದ ಶೆಡ್ಡಿನಲ್ಲಿ ಟ್ರೇಲರ್ ಸಮೇತ ಮಾರಾಟಕ್ಕಿದ್ದ ಸೀ-ಡೂ ಬ್ರ್ಯಾಂಡಿನ, ಪ್ರೊಪೆಲ್ಲರ್ ಬದಲು ಪಂಪಿನಿಂದ ನೀರು ಚಿಮ್ಮಿಸಿ ಓಡುವ ಜೆಟ್ ದೋಣಿಗೆ ಹೋದ ವಾರ ಮುಂಗಡ ಕೊಟ್ಟು, ಭಾನುವಾರ ಪಕ್ಕದ ಕೆರೆಯಲ್ಲಿ ಇಳಿಸಿ ನೋಡಿದೆವು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ಕಿರುಚುತ್ತದೆ, ಆದರೆ ದೋಣಿ ಮೂಗೆತ್ತಿಕೊಂಡು ಎಮ್ಮೆ ಈಜಿದಂತೆ ಸಾಗುತ್ತದೆಯೇ ಹೊರತು ನೀರಿನ ಮೇಲೆ ಏಳುವುದೇ ಇಲ್ಲ. ಎರಡನೆಯದಾಗಿ, ತೂಬಿನ ಕಲ್ಲುಕಂಬ ಎದುರಾದಾಗ ನಾನು ಥ್ರಾಟಲ್ ಬಿಟ್ಟು ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರೂ ದೋಣಿ ನೇರವಾಗಿಯೇ ಹೋಯಿತು. ಕಂಬಕ್ಕೂ ನಮಗೂ ಒಂದು ಮಾರಿನಷ್ಟೇ ಅಂತರ ಉಳಿದಿತ್ತು. ಮೂರನೆಯದಾಗಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿದ ಮೇಲೂ ದೋಣಿ ನಿಲ್ಲದೆ ತೆವಳುತ್ತಿರುತ್ತದೆ. ಎಂಜಿನ್ ಅತ್ಯುತ್ತಮವಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಉಳಿದ ಈ ಮೂರು ದೋಷಗಳಿಗೆ ಎಷ್ಟು ಖರ್ಚು ಬರಬಹುದು, ಅಥವಾ ಮುಂಗಡವನ್ನು ಮರೆತುಬಿಡಬೇಕೇ ಎಂಬುದನ್ನು ತಿಳಿದವರು ಹೇಳಬೇಕು.

ಶಾಫ್ಟ್ ಕೆಜಿಎಫ್:
ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ವೇರ್ ರಿಂಗ್ ಸವೆದಿದೆ. ಸೀ-ಡೂ ಪಂಪಿನಲ್ಲಿ ನೀರನ್ನು ಚಿಮ್ಮಿಸುವ ಎಲೆಚಕ್ರ, ಅಂದರೆ ಇಂಪೆಲ್ಲರ್, ಉಕ್ಕಿನದು, ಅದರ ಸುತ್ತಲಿನ ಉಂಗುರ, ಅಂದರೆ ಈ ವೇರ್ ರಿಂಗ್, ಪ್ಲಾಸ್ಟಿಕ್ಕಿನದು. ಮರಳೋ ಹರಳೋ ಒಳಕ್ಕೆ ಬಂದರೆ ದುಬಾರಿ ಇಂಪೆಲ್ಲರ್ ಉಳಿದು ಅಗ್ಗದ ಉಂಗುರ ಸವೆಯಲಿ ಎಂದೇ ಹಾಗೆ ಮಾಡಿರುತ್ತಾರೆ. ಎಲೆಯ ತುದಿಗೂ ಉಂಗುರಕ್ಕೂ ನಡುವೆ ಒಂದು ಮಿಲಿಮೀಟರಿನಷ್ಟು ಸಂದು ಬಿದ್ದರೆ ನೀರು ಹಿಂದಕ್ಕೆ ಜಾರುತ್ತದೆ, ಎಂಜಿನ್ ಬರಿದೇ ಕಿರುಚುತ್ತದೆ. ನಮ್ಮ ಕೆರೆಗಳ ಹೂಳು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೆಗೆದುಕೊಂಡು ಹೋಗಿ ಅಳೆಯಿರಿ.

ಕುಣಿಗಲ್ ಕುದುರೆ:
ಮೊದಲ ದೋಣಿಗೇ ಜೆಟ್ ಏಕೆ ಬೇಕಿತ್ತು ಎಂಬುದೇ ನನ್ನ ಪ್ರಶ್ನೆ. ನನ್ನಲ್ಲಿರುವ 40 ಕುದುರೆಶಕ್ತಿಯ ಎರಡು ಸ್ಟ್ರೋಕ್ ಯಮಹಾ ಔಟ್‌ಬೋರ್ಡನ್ನು (ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್) ಕರಾವಳಿಯ ಮೀನುಗಾರರಿಂದ ಕೊಂಡು ಒಂಬತ್ತು ವರ್ಷವಾಯಿತು. ಸ್ಪಾರ್ಕ್ ಪ್ಲಗ್ ಮತ್ತು ನೀರೆತ್ತುವ ರಬ್ಬರ್ ಚಕ್ರವನ್ನು ಬಿಟ್ಟರೆ ಏನನ್ನೂ ಬದಲಿಸಿಲ್ಲ. ಟ್ರೇಲರನ್ನು ನಾನೇ ನಿಂತು ಬೆಸುಗೆ ಹಾಕಿಸಿದ್ದೇನೆ, ಕೈಯಲ್ಲಿ ತಿರುಗಿಸುವ ವಿಂಚ್ ಇದೆ, ಇಬ್ಬರಿದ್ದರೆ ಹತ್ತು ನಿಮಿಷದಲ್ಲಿ ನೀರಿಗಿಳಿಸಬಹುದು. ಜೊಂಡು ಸಿಕ್ಕಿದರೆ ಎಂಜಿನ್ನನ್ನು ಮೇಲಕ್ಕೆ ವಾಲಿಸಿ ಕೈಯಿಂದ ಬಿಡಿಸಿಕೊಳ್ಳುತ್ತೇನೆ. ಜೆಟ್ಟಿಗೆ ಅಂತರಗಂಗೆ ಸಿಕ್ಕಿಕೊಂಡರೆ ದೋಣಿಯ ಹೊಟ್ಟೆಯ ಕೆಳಗೆ ತೂರಬೇಕಾಗುತ್ತದೆ.

ಶಾಫ್ಟ್ ಕೆಜಿಎಫ್:
ಕುದುರೆಯವರೇ, ಅವರು ಕೇಳಿದ್ದು ಇದಲ್ಲ. ಎರಡು ಸ್ಟ್ರೋಕಿನ ಹೊಗೆಯ ಗುಣಗಾನವನ್ನು ನೀವು ಪ್ರತಿಯೊಂದು ಚರ್ಚೆಯಲ್ಲೂ ಮಾಡುತ್ತೀರಿ.

ಕುಣಿಗಲ್ ಕುದುರೆ:
ಹೊಗೆ ಬರುವುದು ಎಣ್ಣೆಯ ಪ್ರಮಾಣ ತಿಳಿಯದವರ ಎಂಜಿನ್ನಿನಲ್ಲಿ ಮಾತ್ರ.

ಕೋಡಿ ಕಾವಲು:
ಗೌರಿಬಿದನೂರಿನಿಂದ ಬರೆಯುತ್ತಿದ್ದೇನೆ. ದೋಣಿಯನ್ನು ಇಳಿಸಿದ ಕೆರೆಗೆ ಯಾರ ಅನುಮತಿ ಪಡೆದಿದ್ದಿರಿ? 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿ. ಅಲ್ಲದೆ 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದ್ದು, ಅದು ಯಾಂತ್ರಿಕ ದೋಣಿಗಳಿಗೆ ಸಮೀಕ್ಷೆಯನ್ನೂ ನೋಂದಣಿಯನ್ನೂ ವಿಧಿಸುತ್ತದೆ. ಮಾರುವವರ ಬಳಿ ಕಾಗದಪತ್ರ ಏನಿದೆ ಎಂದು ಕೇಳದೆ ಮುಂಗಡ ಕೊಟ್ಟಿದ್ದರೆ, ವೇರ್ ರಿಂಗಿಗಿಂತ ದೊಡ್ಡ ಸಂದು ಅಲ್ಲಿಯೇ ಇದೆ.

ಕ್ಯಾತ್ಸಂದ್ರ ಹವ್ಯಾಸಿ:
ಪಂಚಾಯಿತಿಯವರಿಗೆ ತಿಳಿಸಿಯೇ ಇಳಿಸಿದೆವು ಸರ್. ಆಮದಿನ ಮತ್ತು ಮೊದಲ ಮಾರಾಟದ ಕಾಗದಗಳಿವೆ, ನೋಂದಣಿಯದು ಇಲ್ಲ, ಅದನ್ನು ಕೇಳುತ್ತೇನೆ. ವೇರ್ ರಿಂಗಿನ ವಿಷಯವನ್ನು ಮಾರುವವರಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕುಬಿಟ್ಟರು, ಇದರಿಂದ ನನ್ನ ಚಿಂತೆ ಇನ್ನೂ ಹೆಚ್ಚಾಗಿದೆ. ಉಂಗುರದ ಬೆಲೆಯೆಷ್ಟು, ತುಮಕೂರಿನಲ್ಲಿ ಯಾರಾದರೂ ಹಾಕಿಕೊಡುತ್ತಾರೆಯೇ?

ಶಾಫ್ಟ್ ಕೆಜಿಎಫ್:
ಉಂಗುರವನ್ನು ತರಿಸಿಕೊಳ್ಳಬೇಕಾಗುತ್ತದೆ. ಹಾಕುವುದು ಕಷ್ಟವಲ್ಲ, ಪಂಪನ್ನು ಬಿಚ್ಚಿ, ಹಳೆಯದನ್ನು ಕೊಯ್ದು ತೆಗೆದು, ಹೊಸದನ್ನು ಓರೆಯಾಗದಂತೆ ಒತ್ತಿ ಕೂರಿಸಬೇಕು. ಲೇತ್ ಕೆಲಸ ಬಲ್ಲವರು ಯಾರಾದರೂ ಮಾಡುತ್ತಾರೆ. ಬಿಚ್ಚಿದಾಗ ಇಂಪೆಲ್ಲರಿನ ಎಲೆಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ, ಹಲ್ಲುಹಲ್ಲಾಗಿದ್ದರೆ ಅದನ್ನೂ ಸರಿಪಡಿಸಿಕೊಳ್ಳಬೇಕು.

ಚಿಂತಾಮಣಿ ಟೂಲ್‌ಬಾಕ್ಸ್:
ಪಂಪ್ ಬಿಚ್ಚುವ ಮೊದಲು ಕೆಲವು ಪ್ರಶ್ನೆಗಳಿವೆ. ನಾನು ಗೋವಾದಲ್ಲಿ ನಾಲ್ಕು ವರ್ಷ ಜೆಟ್ ಸ್ಕೀಗಳ ದುರಸ್ತಿ ಮಾಡಿದ್ದೇನೆ, ಆ ಅನುಭವದಿಂದ ಕೇಳುತ್ತಿದ್ದೇನೆ. ಮಾದರಿ ಯಾವುದು? ಎಷ್ಟು ಗಂಟೆ ಓಡಿದೆ? ಕಿರುಚುತ್ತಿದ್ದಾಗ ಮೀಟರಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಎಂದು ಕಾಣಿಸಿತು? ದೋಣಿಯಲ್ಲಿ ಎಷ್ಟು ಜನರಿದ್ದಿರಿ? ಕಿರುಚುತ್ತದೆ ಎಂಬುದು ಅಳತೆಯಲ್ಲ.

ನಿಮ್ಮ ಎರಡನೆಯ ಮತ್ತು ಮೂರನೆಯ ದೋಷಗಳು ದೋಷಗಳೇ ಅಲ್ಲ. ಜೆಟ್ ದೋಣಿಗೆ ನೀರಿನೊಳಗೆ ಚುಕ್ಕಾಣಿಯ ಹಲಗೆ ಇರುವುದಿಲ್ಲ. ಹಿಂದಿನ ನಳಿಗೆಯಿಂದ ಚಿಮ್ಮುವ ನೀರನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ ದೋಣಿ ತಿರುಗುತ್ತದೆ. ಥ್ರಾಟಲ್ ಬಿಟ್ಟರೆ ಚಿಮ್ಮುವ ನೀರೂ ಇಲ್ಲ, ತಿರುವೂ ಇಲ್ಲ. ಹೆದರಿದವರೆಲ್ಲ ಮೊದಲು ಮಾಡುವುದು ಥ್ರಾಟಲ್ ಬಿಡುವುದನ್ನೇ, ಆದ್ದರಿಂದ ಹೊಸಬರು ಕಂಬಕ್ಕೆ ಗುದ್ದುತ್ತಾರೆ. ಅಡ್ಡ ಬಂದದ್ದನ್ನು ತಪ್ಪಿಸಲು ಚುಕ್ಕಾಣಿ ತಿರುಗಿಸಿ ಥ್ರಾಟಲನ್ನು ಸ್ವಲ್ಪ ಕೊಡಬೇಕು. ಇದನ್ನು ಏನೂ ಇಲ್ಲದ ಬಯಲು ನೀರಿನಲ್ಲಿ ಹತ್ತಾರು ಸಲ ಅಭ್ಯಾಸ ಮಾಡಿದ ಮೇಲೆಯೇ ತೂಬಿನ ಹತ್ತಿರ ಹೋಗಿ. ನ್ಯೂಟ್ರಲ್ ವಿಷಯವೂ ಅಂಥದ್ದೇ. ಇದರಲ್ಲಿ ಕಾರಿನಂತೆ ಗೇರ್ ಕಳಚಿಕೊಳ್ಳುವುದಿಲ್ಲ. ಎಂಜಿನ್ ತಿರುಗುವವರೆಗೆ ಇಂಪೆಲ್ಲರ್ ತಿರುಗುತ್ತದೆ, ನೀರು ಚಿಮ್ಮುತ್ತಲೇ ಇರುತ್ತದೆ. ನ್ಯೂಟ್ರಲ್ ಎಂದರೆ ಚಿಮ್ಮುವ ನೀರನ್ನು ಮುಂದಕ್ಕೆ ತಿರುಗಿಸಲು ನಳಿಗೆಯ ಹಿಂದಿರುವ ಬಟ್ಟಲನ್ನು ಅರ್ಧಕ್ಕೆ ಇಳಿಸಿ ಮುಂದಕ್ಕೂ ಹಿಂದಕ್ಕೂ ನೂಕು ಸಮವಾಗುವಂತೆ ಮಾಡುವುದು, ಅಷ್ಟೇ. ಅದು ಎಂದೂ ಪೂರ್ತಿ ಸಮವಾಗುವುದಿಲ್ಲ. ಈಜುವವರು ಹತ್ತಿರವಿದ್ದರೆ ನ್ಯೂಟ್ರಲ್ ನಂಬದೆ ಎಂಜಿನ್ ಆರಿಸಬೇಕು.

ಕ್ಯಾತ್ಸಂದ್ರ ಹವ್ಯಾಸಿ:
ತುಂಬಾ ಧನ್ಯವಾದ ಮೇಡಂ. ಮಾದರಿ ಸ್ಪೀಡ್‌ಸ್ಟರ್ 150, ಎಂಜಿನ್ 155 ಕುದುರೆಶಕ್ತಿಯದು, ಮೀಟರಿನಲ್ಲಿ 212 ಗಂಟೆ ಇದೆ. ನನ್ನ ಭಾವಮೈದ ತೆಗೆದ ವೀಡಿಯೋವನ್ನು ನಿಲ್ಲಿಸಿ ನೋಡಿದೆ, ಪೂರ್ತಿ ಥ್ರಾಟಲ್‌ನಲ್ಲಿ 7,200ರ ಆಸುಪಾಸಿನಲ್ಲಿದೆ. ನಾವು ಒಟ್ಟು ಆರು ಜನರಿದ್ದೆವು, ಜೊತೆಗೆ ಊಟದ ಬುತ್ತಿ, ನೀರಿನ ಕ್ಯಾನು ಮತ್ತು ಮಾರುವವರು ಸುರಕ್ಷತೆಗೆಂದು ಇಟ್ಟ ಎರಡು ಮರಳಿನ ಚೀಲಗಳಿದ್ದವು. ಇದು ಮುಖ್ಯವೆಂದು ನನಗೆ ತೋಚಿರಲಿಲ್ಲ.

ಚಿಂತಾಮಣಿ ಟೂಲ್‌ಬಾಕ್ಸ್:
ಅದು ನಾಲ್ವರು ಕೂರುವ ಹದಿನೈದು ಅಡಿಯ ದೋಣಿ. ನಿಮ್ಮ ಮೊದಲ ದೋಷಕ್ಕೆ ಉತ್ತರ ಅಲ್ಲಿಯೇ ಇದೆ.

ಆದರೂ ಸುತ್ತಿನ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಳಸಿದ ಜೆಟ್ ದೋಣಿಯನ್ನು ಪರೀಕ್ಷಿಸುವವರಿಗೆ ಇದಕ್ಕಿಂತ ಉಪಯುಕ್ತವಾದದ್ದು ಬೇರೆ ಇಲ್ಲ. ಪ್ರೊಪೆಲ್ಲರ್ ದೋಣಿಗೆ ಭಾರ ಹೇರಿದರೆ ಎಂಜಿನ್ ತಿಣುಕಿ ಸುತ್ತು ಇಳಿಯುತ್ತದೆ. ಜೆಟ್ ಪಂಪಿಗೆ ತನ್ನ ಕೊಳವೆಯೊಳಗಿನ ನೀರೊಂದೇ ಗೊತ್ತು. ದೋಣಿಯಲ್ಲಿ ಒಬ್ಬರಿರಲಿ, ಆರು ಜನರಿರಲಿ, ದೋಣಿಯನ್ನು ಕಂಬಕ್ಕೇ ಕಟ್ಟಿರಲಿ, ಪೂರ್ತಿ ಥ್ರಾಟಲ್‌ನಲ್ಲಿ ಸುತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸುತ್ತು ತನ್ನ ಮಿತಿಯನ್ನೂ ದಾಟಿ ಮೇಲಕ್ಕೇರಿ ಎಂಜಿನ್ ತಡವರಿಸಿದರೆ ಪಂಪ್ ನೀರನ್ನು ಹಿಡಿಯುತ್ತಿಲ್ಲ ಎಂದರ್ಥ: ವೇರ್ ರಿಂಗ್ ಸವೆದಿರಬಹುದು, ದೋಣಿಯ ತಳದಲ್ಲಿ ನೀರು ಒಳಸೇರುವ ಬಾಯಿಯ ಜಾಲರಿಗೆ ಜೊಂಡು ಕಟ್ಟಿರಬಹುದು, ಎಲ್ಲಿಂದಲೋ ಗಾಳಿ ಸೇರುತ್ತಿರಬಹುದು. ಸುತ್ತು ಏರದೆ ಕೆಳಗೇ ಉಳಿದರೆ ತೊಂದರೆ ಎಂಜಿನ್ನಿನದು. ಈ ಎಂಜಿನ್ನಿಗೆ 7,200 ಎಂಬುದು ಸಹಜವಾದ ಅಂಕಿ. ಪಂಪ್ ತನ್ನ ಕೆಲಸ ಮಾಡುತ್ತಿತ್ತು. ನೀವು ಅದರ ಮೇಲೆ ಮದುವೆ ದಿಬ್ಬಣವನ್ನು ಹೇರಿದ್ದಿರಿ.

ಶಾಫ್ಟ್ ಕೆಜಿಎಫ್:
ಮೀಟರ್ ತಪ್ಪು ತೋರಿಸಬಹುದಲ್ಲವೇ? ಸಂದನ್ನು ಅಳೆಯದೆ ಪಂಪ್ ಚೆನ್ನಾಗಿದೆ ಎಂದು ನಾನು ಒಪ್ಪುವುದಿಲ್ಲ.

ಚಿಂತಾಮಣಿ ಟೂಲ್‌ಬಾಕ್ಸ್:
ಅಳೆಯಲಿ, ನನ್ನ ಅಭ್ಯಂತರವಿಲ್ಲ. ಆದರೆ ಮೊದಲು ಇಬ್ಬರೇ ಕುಳಿತು ಓಡಿಸಿ ನೋಡಲಿ. ನೀರು ಸೊಂಟದ ಮಟ್ಟ ದಾಟುವವರೆಗೆ ಹುಟ್ಟು ಹಾಕಿಯೇ ಸಾಗಲಿ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ದೋಣಿಯನ್ನು ರೂಪಿಸಿದ್ದು ಅಲ್ಲಿನ ಆಳವಿಲ್ಲದ ಹೊಳೆಗಳಿಗಾಗಿ ಎಂಬುದು ನಿಜ. ಆದರೆ ಅದು ವೇಗದಲ್ಲಿ ನೀರಿನ ಮೇಲೆ ಎದ್ದು ಹೋಗುತ್ತಿರುವಾಗಿನ ಮಾತು. ನಿಂತಲ್ಲೇ ಥ್ರಾಟಲ್ ಕೊಟ್ಟರೆ ಪಂಪ್ ಕೆರೆಯ ತಳವನ್ನೇ ಗುಡಿಸಿ ನುಂಗುತ್ತದೆ.

ಇನ್ನೊಂದು ಪ್ರಶ್ನೆ. ಎಂಜಿನ್ ಅತ್ಯುತ್ತಮವಾಗಿದೆ ಎಂದು ನೀವು ಮೊದಲೇ ತೀರ್ಮಾನಿಸಿದ್ದು ಹೇಗೆ?

ಕ್ಯಾತ್ಸಂದ್ರ ಹವ್ಯಾಸಿ:
ಮಾರುವವರು ಬಹಳ ಪ್ರಾಮಾಣಿಕರು ಮೇಡಂ. ನಾನು ಮೊದಲ ಸಲ ಹೋದಾಗ ಶೆಡ್ಡಿನಲ್ಲಿ ಟ್ರೇಲರಿನ ಮೇಲೆಯೇ ಎಂಜಿನ್ ಚಾಲೂ ಮಾಡಿ, ಎಂಟು ಹತ್ತು ನಿಮಿಷ ಓಡಿಸಿ, ಶಬ್ದ ಕೇಳಿಸಿದರು. ನನಗಿಂತ ಮೊದಲು ನೋಡಿಹೋದ ಮೂವರಿಗೂ ಹಾಗೆಯೇ ತೋರಿಸಿದ್ದಾರಂತೆ.

ಚಿಂತಾಮಣಿ ಟೂಲ್‌ಬಾಕ್ಸ್:
ನೀರಿನ ಪೈಪ್ ಜೋಡಿಸಿದ್ದರೇ?

ಕ್ಯಾತ್ಸಂದ್ರ ಹವ್ಯಾಸಿ:
ಇಲ್ಲ. ಅದು ಬೇಕಿತ್ತೇ?

ಕುಣಿಗಲ್ ಕುದುರೆ:
ರಾಮ ರಾಮ.

ಚಿಂತಾಮಣಿ ಟೂಲ್‌ಬಾಕ್ಸ್:
ಹಾಗಾದರೆ ನೀವು ಬರೆದ ಮೂರು ದೋಷಗಳನ್ನು ಪಕ್ಕಕ್ಕಿಡಿ. ಈ ಎಂಜಿನ್ನಿನೊಳಗೆ ಕಾರಿನಂತೆ ಕೂಲೆಂಟ್ ಸುತ್ತುತ್ತದೆ ಎಂಬುದು ನಿಜ, ಆದರೆ ಆ ಕೂಲೆಂಟ್ ತಣ್ಣಗಾಗುವುದು ದೋಣಿಯ ತಳದ ಲೋಹದ ಫಲಕಕ್ಕೆ ಕೆರೆಯ ನೀರು ತಾಗಿದಾಗ. ಹೊಗೆಕೊಳವೆಗೂ ಹೊರಗಿನ ನೀರೇ ಬೇಕು. ಅವೆರಡಕ್ಕಿಂತ ನಾನು ಹೆದರುವುದು ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಜಾಗದ ಕಾರ್ಬನ್ ಉಂಗುರಕ್ಕೆ. ಶಾಫ್ಟಿನೊಂದಿಗೆ ತಿರುಗುವ ಉಕ್ಕಿನ ಬಿಲ್ಲೆಯೊಂದು ಆ ಉಂಗುರಕ್ಕೆ ಒತ್ತಿಕೊಂಡೇ ತಿರುಗುತ್ತಿರುತ್ತದೆ. ಅವೆರಡನ್ನೂ ತಂಪಾಗಿಡುವುದು ದೋಣಿ ನಿಂತಿರುವ ನೀರು. ಒಣಗಾಳಿಯಲ್ಲಿ ಹತ್ತು ನಿಮಿಷ, ಅದೂ ನಾಲ್ಕು ಸಲ ತಿರುಗಿಸಿದರೆ ಅದು ಸುಟ್ಟು ಸವೆಯುತ್ತದೆ. ಆಮೇಲೆ ದೋಣಿ ಓಡುತ್ತದೆ, ಸದ್ದೂ ಚೆನ್ನಾಗಿಯೇ ಇರುತ್ತದೆ, ನೀರು ಮಾತ್ರ ಸದ್ದಿಲ್ಲದೆ ಒಳಗೆ ಬರುತ್ತದೆ. ಭಾನುವಾರ ದೋಣಿಯನ್ನು ದಡಕ್ಕೆಳೆದ ಮೇಲೆ ಹಿಂದಿನ ಬಿರಡೆ ಬಿಚ್ಚಿದಾಗ ನೀರು ಬಂತೇ?

ಕ್ಯಾತ್ಸಂದ್ರ ಹವ್ಯಾಸಿ:
ಒಂದೂವರೆ ಬಕೆಟ್ಟಿನಷ್ಟು ಬಂತು. ಹುಡುಗರು ನೀರಾಟವಾಡಿದ್ದರಿಂದ ಸಿಡಿದದ್ದು ಎಂದು ಮಾರುವವರು ಹೇಳಿದರು, ನಾನೂ ನಂಬಿದೆ.

ಚಿಂತಾಮಣಿ ಟೂಲ್‌ಬಾಕ್ಸ್:
ಮತ್ತೆ ಹೋಗಿ. ಯಾರೂ ಚಾಲೂ ಮಾಡುವ ಮೊದಲು ಕೈಯಿಂದ ಎಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆ. ಹಿಂಬದಿಯ ಮುಚ್ಚಳ ತೆರೆದು, ಶಾಫ್ಟಿನ ಸುತ್ತ ಟಾರ್ಚ್ ಬಿಟ್ಟು, ಕಪ್ಪು ಪುಡಿ ಎರಚಿದಂತೆ ಇದೆಯೇ ನೋಡಿ. ಬಿರಡೆ ಹಾಕಿ, ನೀರಿಗಿಳಿಸಿ, ಎಂಜಿನ್ ಚಾಲೂ ಮಾಡದೆ ಇಪ್ಪತ್ತು ನಿಮಿಷ ಸುಮ್ಮನೆ ಕಟ್ಟಿ ನಿಲ್ಲಿಸಿ, ಕಾರ್ಬನ್ ಉಂಗುರದ ಬಳಿ ನೀರು ಒಳಗೆ ಬರುತ್ತದೆಯೇ ನೋಡಿ. ಎಂಜಿನ್ ಎಣ್ಣೆಯ ಕಡ್ಡಿ ತೆಗೆದು ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ನೋಡಿ. ತಿರುಗಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ, ಮುಂಗಡವನ್ನು ಮರೆತು ಮನೆಗೆ ಬನ್ನಿ. ಟ್ರೇಲರಿನ ಮೇಲೆ ಚಾಲೂ ಮಾಡಲೇಬೇಕೆಂದರೆ ಪೈಪ್ ಜೋಡಿಸಿ, ಮೊದಲು ಎಂಜಿನ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ಈ ಕ್ರಮ ತಪ್ಪಿದರೆ ಹೊಗೆಕೊಳವೆಯ ಮೂಲಕ ನೀರು ಸಿಲಿಂಡರಿಗೇ ನುಗ್ಗುತ್ತದೆ. ಪೈಪ್ ಇದ್ದರೂ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಡ, ಕಾರ್ಬನ್ ಉಂಗುರಕ್ಕೆ ಆ ನೀರು ತಲುಪುವುದಿಲ್ಲ.

ಕೋಡಿ ಕಾವಲು:
ನೋಂದಣಿಯ ಕಾಗದವನ್ನೂ ಅದೇ ದಿನ ಕೇಳಿ.

ಕ್ಯಾತ್ಸಂದ್ರ ಹವ್ಯಾಸಿ:
ನಿನ್ನೆ ಹೋಗಿ ಬಂದೆ. ಎಂಜಿನ್ ತಣ್ಣಗಿತ್ತು, ಎಣ್ಣೆ ಜೇನಿನ ಬಣ್ಣದಲ್ಲಿಯೇ ಇತ್ತು. ನಾನು ಮತ್ತು ಭಾವಮೈದ ಇಬ್ಬರೇ ಕುಳಿತು, ಮರಳಿನ ಚೀಲಗಳನ್ನು ದಡದಲ್ಲಿ ಬಿಟ್ಟು ಓಡಿಸಿದಾಗ ದೋಣಿ ನಾಲ್ಕೈದು ಸೆಕೆಂಡಿನಲ್ಲಿ ನೀರಿನ ಮೇಲೆ ಎದ್ದು ಏರಿಯುದ್ದಕ್ಕೂ ಹಾರಿತು, ಮೀಟರ್ ಅದೇ 7,200 ತೋರಿಸುತ್ತಿತ್ತು. ತೂಬಿನಿಂದ ದೂರದಲ್ಲಿ ಥ್ರಾಟಲ್ ಕೊಡುತ್ತಾ ತಿರುಗುವುದನ್ನೂ ಅಭ್ಯಾಸ ಮಾಡಿದೆ. ಆದರೆ ಶಾಫ್ಟಿನ ಸುತ್ತ ನೀವು ಹೇಳಿದಂತೆಯೇ ಕಾಡಿಗೆಯಂಥ ಪುಡಿ ಎರಚಿತ್ತು, ಮತ್ತು ಸುಮ್ಮನೆ ಕಟ್ಟಿ ನಿಲ್ಲಿಸಿದ ಇಪ್ಪತ್ತು ನಿಮಿಷದಲ್ಲಿ ಕಾರ್ಬನ್ ಉಂಗುರದ ಅಂಚಿನಿಂದ ನೀರು ಸಣ್ಣ ಎಳೆಯಾಗಿ ಇಳಿಯುತ್ತಲೇ ಇತ್ತು. ಮಾರುವವರಿಗೆ ಟಾರ್ಚ್ ಬಿಟ್ಟು ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲವೆಂದೇ ನನಗನ್ನಿಸಿತು. ಪಾಪ, ಪ್ರತಿ ಸಲವೂ ಒಳ್ಳೆಯ ಉದ್ದೇಶದಿಂದಲೇ ಅದನ್ನು ಸುಟ್ಟಿದ್ದಾರೆ. ಕಾರ್ಬನ್ ಉಂಗುರವನ್ನೂ ಅದರ ರಬ್ಬರ್ ತೋಳನ್ನೂ ಅವರ ಖರ್ಚಿನಲ್ಲಿ ಬದಲಿಸಿ, ನೋಂದಣಿಗೆ ಬೇಕಾದ ಕಾಗದಗಳನ್ನು ಕೊಟ್ಟ ಮೇಲೆ ಉಳಿದ ಹಣ ಎಂದು ಮಾತಾಗಿದೆ.

ಶಾಫ್ಟ್ ಕೆಜಿಎಫ್ ಅವರಿಗಾಗಿ: ಜಾಲರಿಯ ಸಂದಿನಿಂದ ಗೇಜ್ ತೂರಿಸಿ ಇಂಪೆಲ್ಲರಿಗೂ ವೇರ್ ರಿಂಗಿಗೂ ನಡುವಿನ ಸಂದನ್ನು ಅಳೆದೆ. ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದೆ.

ಶಾಫ್ಟ್ ಕೆಜಿಎಫ್:
ಎಷ್ಟು ಕಡೆ ಅಳೆದಿರಿ?

ಕ್ಯಾತ್ಸಂದ್ರ ಹವ್ಯಾಸಿ:
ಒಂದು ಕಡೆ.

ಶಾಫ್ಟ್ ಕೆಜಿಎಫ್:
ವೇರ್ ರಿಂಗ್ ಒಂದೇ ಮಗ್ಗುಲಿಗೆ ಸವೆದಿರುವುದೂ ಉಂಟು. ಇಂಪೆಲ್ಲರನ್ನು ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕೂ ಕಡೆ ಅಳೆದು ಬರೆಯಿರಿ, ಆಮೇಲೆ ಮಾತನಾಡೋಣ.