ಪದಚರ್ಚೆ: ಗ್ರೀಕ್ ದೇವರ ಶಿಲ್ಪದಲ್ಲಿ ಕಾಣುವುದು ಗುಣವೋ, ಭಾವವೋ, ಜಾಯಮಾನವೋ?

ಎಲ್ಲರಿಗೂ ನಮಸ್ಕಾರ,

ಹಳೆಯ ಗ್ರೀಕ್ ಶಿಲ್ಪಗಳ ಬಗ್ಗೆ ಒಂದು ಲೇಖನ ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಕ್ರಿ.ಪೂ. 5 ಮತ್ತು 4ನೇ ಶತಮಾನದ ಶಿಲ್ಪಿಗಳು ದೇವರನ್ನು ಕಡೆಯುವಾಗ ಬರೀ ಅಂದದ ಮೈಕಟ್ಟು ತೋರಿಸಿ ಸುಮ್ಮನಾಗಲಿಲ್ಲ. ಆ ದೇವರು ಎಂಥವನು, ಆ ದೇವಿ ಎಂಥವಳು ಅನ್ನುವುದನ್ನೂ ಕಲ್ಲಿಗೆ ತಂದರು. ಗ್ರೀಕರು ಈ ‘ಎಂಥವನು’ ಅನ್ನುವುದಕ್ಕೆ ಈಥೊಸ್ ಎನ್ನುತ್ತಿದ್ದರು. ನಾವು ಏನನ್ನೋಣ?

ಮೊದಲು ಹೊಳೆಯುವುದು ಭಾವ. ಆದರೆ ಭಾವ ಬಂದು ಹೋಗುವಂಥದ್ದು, ಮತ್ತು ನಮ್ಮ ಕಿವಿಗೆ ಅದು ತಕ್ಷಣ ಮುಖಭಾವ ಎಂದೇ ಕೇಳಿಸುತ್ತದೆ. ಈ ಶಿಲ್ಪಗಳ ಮುಖ ನೋಡಿದರೆ ಹೆಚ್ಚಿನವು ಶಾಂತ, ಒಂದಕ್ಕೂ ಇನ್ನೊಂದಕ್ಕೂ ಜಾಸ್ತಿ ವ್ಯತ್ಯಾಸವೇ ಇಲ್ಲ. ವ್ಯಕ್ತಿತ್ವ ಎಂದರೆ ಯಾವುದೋ ತರಬೇತಿ ಶಿಬಿರದ ವಾಸನೆ ಬರುತ್ತದೆ. ಶೀಲ ಅಂತೂ ಬೇಡವೇ ಬೇಡ! ಪ್ರಾಕ್ಸಿಟಿಲಿಸ್ ಎಂಬ ಶಿಲ್ಪಿ ಪ್ರೇಮದ ದೇವಿ ಅಫ್ರೊಡೈಟಿಯ ವಿಗ್ರಹಗಳನ್ನು, ಬಟ್ಟೆ ಉಟ್ಟದ್ದು ಒಂದು, ಬತ್ತಲೆ ಇನ್ನೊಂದು, ಎರಡನ್ನೂ ಮಾರಾಟಕ್ಕಿಟ್ಟಿದ್ದನಂತೆ. ಕೋಸ್ ಊರಿನವರು ಮರ್ಯಾದೆಯಾಗಿ ಬಟ್ಟೆ ಉಟ್ಟದ್ದನ್ನು ಕೊಂಡರು, ನಿಡಸ್‌ನವರು ಇನ್ನೊಂದನ್ನು ಕೊಂಡು ಜಗತ್ಪ್ರಸಿದ್ಧರಾದರು ಅಂತ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಈ ಕತೆಯ ಪಕ್ಕದಲ್ಲಿ ‘ಅಫ್ರೊಡೈಟಿಯ ಶೀಲ’ ಎಂದು ಬರೆದರೆ ಓದುವವರು ಇನ್ನೇನೋ ತಿಳಿದಾರು.

ನನ್ನ ತಲೆಬಿಸಿ ಎಲ್ಲಿದೆ ಅಂತ ತೋರಿಸಲು ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಥೆನ್ಸ್‌ನ ಪಾರ್ಥೆನಾನ್ ಗುಡಿಯ ಸುತ್ತ ಸುಮಾರು 1 ಮೀಟರ್ ಎತ್ತರದ, 160 ಮೀಟರ್ ಉದ್ದದ ಒಂದು ಉಬ್ಬುಶಿಲ್ಪದ ಪಟ್ಟಿ ಇತ್ತು. ಕ್ರಿ.ಪೂ. 440ರ ಆಸುಪಾಸಿನದು. ಅದರ ಪೂರ್ವದ ಬದಿಯಲ್ಲಿ ಹನ್ನೆರಡು ದೇವರು ಕೂತಿದ್ದಾರೆ. ಆ ಕಲ್ಲುಗಳಲ್ಲಿ ಹೆಚ್ಚಿನವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಸಮುದ್ರದ ದೇವರು ಪೊಸೈಡನ್, ಜೊತೆಗೆ ಅಪೊಲೊ ಮತ್ತು ಆರ್ಟೆಮಿಸ್ ಇರುವ ತುಂಡು ಅಥೆನ್ಸ್‌ನಲ್ಲೇ ಉಳಿದಿದೆ. ಬಹಳಷ್ಟು ಮುಖಗಳು ಒಡೆದಿವೆ ಇಲ್ಲವೇ ಸವೆದಿವೆ. ಆದರೂ ಯಾರು ಯಾರೆಂದು ಹೇಳಬಹುದು, ಯಾಕೆಂದರೆ ಒಬ್ಬೊಬ್ಬರೂ ಕೂತಿರುವ ರೀತಿಯೇ ಬೇರೆ.

ಯುದ್ಧದ ದೇವರು ಏರಿಸ್ ಇದ್ದಾನಲ್ಲ, ಅವನಿಗೆ ಸುಮ್ನೆ ಕೂರಲು ಬರುವುದಿಲ್ಲ. ಪಾದ ನೆಲದಿಂದ ಎತ್ತಿ, ಎರಡೂ ಕೈಯಲ್ಲಿ ಮೊಣಕಾಲು ತಬ್ಬಿಕೊಂಡು, ಈ ಸಭೆ ಯಾವಾಗ ಮುಗಿಯುತ್ತೋ ಎಂದು ಕಾಯುವ ಪಡ್ಡೆ ಹುಡುಗನ ಹಾಗೆ ಕೂತಿದ್ದಾನೆ. ಪಕ್ಕದಲ್ಲಿ ಡಿಮೀಟರ್, ಮಗಳನ್ನು ಪಾತಾಳಕ್ಕೆ ಕಳಕೊಂಡ ತಾಯಿ, ಗಲ್ಲಕ್ಕೆ ಕೈ ಹಚ್ಚಿದ್ದಾಳೆ. ಮದ್ಯದ ದೇವರು ಡಯೊನೈಸಸ್ ಸೀದಾ ಕೂರುವವನೇ ಅಲ್ಲ, ಹಿಂದಿರುವ ಹರ್ಮೀಸ್‌ನ ಹೆಗಲ ಮೇಲೆ ತೋಳು ಹಾಕಿ ವಾಲಿದ್ದಾನೆ. ಹರ್ಮೀಸ್ ಮಾತ್ರ ಟೋಪಿ ತೊಡೆಯ ಮೇಲಿಟ್ಟುಕೊಂಡು ಈಗಲೇ ಹೊರಡುವವನಂತಿದ್ದಾನೆ, ದೂತ ಅಲ್ವಾ. ಕಾಲು ಊನವಾದ ಕಮ್ಮಾರ ದೇವರು ಹೆಫೇಸ್ಟಸ್‌ಗೆ ಕಂಕುಳ ಕೆಳಗೆ ಊರುಗೋಲು. ಉಳಿದವರೆಲ್ಲ ಸ್ಟೂಲಿನಂಥ ಪೀಠದ ಮೇಲಿದ್ದರೆ ದೇವರಿಗೆಲ್ಲ ರಾಜನಾದ ಜೀಯಸ್‌ಗೆ ಒಬ್ಬನಿಗೇ ಒರಗುವ ಸಿಂಹಾಸನ. (ಜ್ಯೂಸ್ ಎಂದು ಬರೆದರೆ ಹಣ್ಣಿನಂಗಡಿ ನೆನಪಾಗುತ್ತೆ, ಅದಕ್ಕೇ ಜೀಯಸ್.)

ಇದು ಮುಖಭಾವವಲ್ಲ. ಭಂಗಿ ಎಂದರೂ ಪೂರ್ತಿ ಆಗಲಿಲ್ಲ, ಭಂಗಿ ಹೊರಗಿನದು. ಒಳಗಿನ ಸ್ವಭಾವ ಮೈಯಲ್ಲಿ ಇಳಿದು ಕೂತಿರುವುದಕ್ಕೆ ಪದ ಬೇಕು. ನನಗೆ ಇಷ್ಟವಾದದ್ದು ಜಾಯಮಾನ. ‘ಸುಮ್ಮನೆ ಕೂರುವುದು ಏರಿಸ್‌ನ ಜಾಯಮಾನವಲ್ಲ’ ಎಂದರೆ ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ. ತೊಡಕು ಏನೆಂದರೆ, ಜಾಯಮಾನ ‘ಹುಟ್ಟು’ ಎಂಬ ಅರ್ಥದಿಂದ ಬಂದ ಪದ. ಈಥೊಸ್ ಹಾಗಲ್ಲ. ಹೋಮರನಲ್ಲಿ ಅದರ ಬಹುವಚನಕ್ಕೆ ಕುದುರೆಗಳು ಸೇರುವ ರೂಢಿಯ ಜಾಗ, ಅವುಗಳ ನೆಲೆ ಎಂಬ ಅರ್ಥ. ಅಲ್ಲಿಂದ ಅದು ರೂಢಿಯಾಯಿತು, ಆಮೇಲೆ ಸ್ವಭಾವವಾಯಿತು. ಹುಟ್ಟುಗುಣ ಒಂದು ಕಡೆ ಎಳೆದರೆ ರೂಢಿ ಇನ್ನೊಂದು ಕಡೆ. ಸಾಕ್ರಟೀಸನ ಶಿಷ್ಯ ಸೆನೊಫನ್ ಬರೆದಿಟ್ಟ ಮಾತುಕತೆಯೊಂದರಲ್ಲಿ ಸಾಕ್ರಟೀಸ್ ಚಿತ್ರಕಾರ ಪರೇಸಿಯಸ್‌ನನ್ನು ಆತ್ಮದ ಈಥೊಸ್ ಚಿತ್ರಿಸಬಹುದೇ ಎಂದು ಕೇಳುತ್ತಾನೆ. ಬಣ್ಣ, ಆಕಾರ ಇಲ್ಲದ್ದನ್ನು ಹೇಗೆ ಚಿತ್ರಿಸುವುದು ಅಂತ ಪರೇಸಿಯಸ್ ಮೊದಲು ತಬ್ಬಿಬ್ಬಾಗುತ್ತಾನೆ. ಸಾಕ್ರಟೀಸ್ ಬಿಡುವುದಿಲ್ಲ, ನಿಂತಿರಲಿ ನಡೆಯುತ್ತಿರಲಿ ಮುಖದಲ್ಲೂ ನಿಲುವಿನಲ್ಲೂ ಅದು ಹೊಳೆಯುತ್ತದೆ ಎನ್ನುತ್ತಾನೆ. ಇಲ್ಲಿ ‘ಆತ್ಮದ ಜಾಯಮಾನ’ ಎಂದರೆ ಸರಿ ಹೋಗುವುದಿಲ್ಲ ಅನ್ನಿಸುತ್ತೆ. ಇನ್ನೊಂದು ಪದ ಕಳೆ. ‘ದೈವಕಳೆ ಇದೆ’ ಎನ್ನುತ್ತೇವಲ್ಲ. ಆದರೆ ಕಳೆ ಇರುವುದು ಇಲ್ಲವೇ ಇಲ್ಲದಿರುವುದು, ಒಬ್ಬೊಬ್ಬರಿಗೆ ಒಂದೊಂದು ಥರ ಅಲ್ಲ.

ನಮಗೆ ಇದು ಕಷ್ಟವಾಗುವುದಕ್ಕೆ ಒಂದು ಕಾರಣ ಇದೆ ಎಂದು ನನ್ನ ಅನಿಸಿಕೆ. ನಮ್ಮ ಮೂರ್ತಿಗಳನ್ನು ಗುರುತಿಸುವ ಪದಗಳೆಲ್ಲ ಆಯುಧ, ವಾಹನ, ಮುದ್ರೆಗಳ ಸುತ್ತ ಬೆಳೆದಿವೆ. ವಿಷ್ಣುವಿನ 24 ಮೂರ್ತಿಗಳಲ್ಲಿ ಕೇಶವ ಯಾರು ಜನಾರ್ದನ ಯಾರು ಎನ್ನುವುದು ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂಬುದರ ಮೇಲೆ ನಿಂತಿದೆ. ಹಾಗಂತ ಗ್ರೀಕರು ಆಯುಧ ಇಲ್ಲದೆ ಗೆದ್ದರು ಅಂತಲೂ ಅಲ್ಲ. ಗ್ರೀಸಿನ ಆರ್ಟೆಮಿಸಿಯನ್ ಭೂಶಿರದ ಹತ್ತಿರ ಸಮುದ್ರದಿಂದ ಎತ್ತಿದ 2.09 ಮೀಟರಿನ ಕಂಚಿನ ವಿಗ್ರಹದ ಕೈಯಲ್ಲಿದ್ದದ್ದು ಕಳೆದುಹೋಗಿದೆ. ಸಿಡಿಲಾಗಿದ್ದರೆ ಜೀಯಸ್, ತ್ರಿಶೂಲವಾಗಿದ್ದರೆ ಪೊಸೈಡನ್. ಜೀಯಸ್ ಎನ್ನುವವರೇ ಹೆಚ್ಚು, ಆದರೂ ಜಗಳ ಮುಗಿದಿಲ್ಲ. ಅಣ್ಣತಮ್ಮಂದಿರಿಬ್ಬರ ಗತ್ತೂ ಅಷ್ಟು ಒಂದೇ!

ಇದರ ಜೊತೆಗೇ ಇನ್ನೊಂದು ಚಿಕ್ಕ ಪ್ರಶ್ನೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದನ್ನು ಸಡಿಲಿಸಿ, ಸೊಂಟ ತುಸು ಓರೆಯಾಗಿ ನಿಲ್ಲುವ ಗ್ರೀಕ್ ನಿಲುವಿಗೆ ನಮ್ಮ ಶಿಲ್ಪಶಾಸ್ತ್ರದ ಆಭಂಗ ಎನ್ನಬಹುದೇ? ಅದಕ್ಕಿಂತ ಹಳೆಯ, ನೆಟ್ಟಗೆ ನಿಂತ ಹುಡುಗರ ವಿಗ್ರಹಗಳಿಗೆ ಸಮಭಂಗ ಎಂದು ಬರೆದಿದ್ದೇನೆ, ಅದು ಒಪ್ಪುತ್ತದೆ. ಮೈ ಮೂರು ಕಡೆ ಬಾಗುವ ತ್ರಿಭಂಗ ಬೇಡ ಅಂದುಕೊಂಡಿದ್ದೇನೆ, ಕಣ್ಣ ಮುಂದೆ ಕೊಳಲು ಹಿಡಿದ ವೇಣುಗೋಪಾಲನೇ ಬಂದು ನಿಲ್ಲುತ್ತಾನೆ. ಆಭಂಗಕ್ಕೂ ಅದೇ ತೊಂದರೆ ಇದೆಯಾ, ಶಿಲ್ಪಶಾಸ್ತ್ರ ಓದಿದವರು ಹೇಳಬೇಕು.

ಮುಖ್ಯ ಪ್ರಶ್ನೆಗೆ ಸದ್ಯ ಲೇಖನದ ತುಂಬ ಸ್ವಭಾವ ಎಂದು ಹಾಕಿ, ಏರಿಸ್‌ನ ಹತ್ತಿರ ಮಾತ್ರ ಜಾಯಮಾನ ಉಳಿಸಿಕೊಂಡಿದ್ದೇನೆ. ಉತ್ತರ ಕರ್ನಾಟಕ, ಕರಾವಳಿ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ಒಂದು ವಾಕ್ಯದಲ್ಲಿ ಇಟ್ಟು ಬರೆಯಿರಿ, ಬಿಡಿ ಪದಕ್ಕಿಂತ ಅದು ಹೆಚ್ಚು ಉಪಯೋಗ.