ಕಠ್ಮಂಡುಗೆ ಆಧಾರ್ ಸಾಕಾ? ಹೋಗಿ ಬಂದವರು ಹೇಳಿ

ಅಪ್ಪ (68), ಅಮ್ಮ (62), 16 ವರ್ಷದ ಮಗಳ ಜೊತೆ ದೆಹಲಿಯಿಂದ ವಿಮಾನದಲ್ಲಿ ಹೊರಟಿದ್ದೇನೆ. ಪಾಸ್‌ಪೋರ್ಟ್ ಇರುವುದು ನನಗೊಬ್ಬಳಿಗೇ. ಉಳಿದವರಿಗೆ ಏನು ಬೇಕು?

ಉತ್ತರ 1: ಆಧಾರ್ ನಂಬಿ ಹೋಗಬೇಡಿ ಮೇಡಂ. ನಮ್ಮಮ್ಮನಿಗೆ ಆಗ 64 ವರ್ಷ, ಇನ್ನೇಳು ತಿಂಗಳಿಗೆ 65. ಕೌಂಟರ್‌ನ ಹುಡುಗಿ ಹುಟ್ಟಿದ ದಿನದ ಮೇಲೆ ಪೆನ್ನಿಟ್ಟು ಎರಡು ಸಲ ಎಣಿಸಿದಳು, ಕಾರ್ಡು ವಾಪಸ್ ಕೊಟ್ಟಳು. 65 ದಾಟಿದವರಿಗೆ, 15ರೊಳಗಿನ ಮಕ್ಕಳಿಗೆ ಮಾತ್ರ ಅದು ನಡೆಯುತ್ತದಂತೆ. ವೋಟರ್ ಐಡಿ ಇದ್ದಿದ್ದರೆ ಆಗುತ್ತಿತ್ತು, ಅದು ಮನೆಯ ಬೀರುವಿನಲ್ಲಿ! ನಾಲ್ಕು ಟಿಕೆಟ್, 46,800 ರೂಪಾಯಿ. ವಾಪಸ್ ಬಂದಿದ್ದು 3,100. ಪಶುಪತಿನಾಥನಿಗೆ ಅಂತ ಅಮ್ಮ ಹೊಸೆದಿಟ್ಟ ಬತ್ತಿ ಈಗಲೂ ಡಬ್ಬಿಯಲ್ಲೇ ಇದೆ.

ಉತ್ತರ 2: ಸುಮ್ನೆ ಹೆದರಿಸಬೇಡಿ. ಕುಟುಂಬ ಒಟ್ಟಿಗೆ ಹೋದರೆ ದೊಡ್ಡವರೊಬ್ಬರ ಹತ್ತಿರ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇದ್ದರೆ ಸಾಕು, ಉಳಿದವರು ಫೋಟೋ ಇರುವ ಗುರುತಿನ ಚೀಟಿ, ಸಂಬಂಧ ತೋರಿಸುವ ರೇಷನ್ ಕಾರ್ಡ್ ಕೊಡಬಹುದು. ನಿಯಮ ಓದಿಕೊಂಡು ಹೋಗಬೇಕು ಅಲ್ವಾ? ನಾವು 2019ರಲ್ಲಿ ಉತ್ತರ ಪ್ರದೇಶದ ಗಡಿ ಊರು ಸುನೌಲಿ ಮೇಲೆ ಸ್ವಂತ ಕಾರಿನಲ್ಲಿ ಹೋದೆವು. ಗಡಿಯಲ್ಲಿ ಕಾರಿಗೆ ಭನ್ಸಾರ್ ಚೀಟಿ (ನೇಪಾಳದ ಕಸ್ಟಮ್ಸ್ ಪರವಾನಗಿ) ಐದು ದಿನಕ್ಕೆ ಬರೆಸಿದ್ದೆ. ಪೊಖರಾ ದಾರಿಯಲ್ಲಿ ಗುಡ್ಡ ಕುಸಿದು ಎರಡು ದಿನ ಜಾಸ್ತಿ ಆಯಿತು, ದಂಡ ಕಟ್ಟಿದೆ. ಆಗ 100ಕ್ಕಿಂತ ದೊಡ್ಡ ನಮ್ಮ ನೋಟು ಅಲ್ಲಿ ನಡೆಯುತ್ತಿರಲಿಲ್ಲ, ನೂರರ ಕಟ್ಟುಗಳನ್ನೇ ಒಯ್ದಿದ್ದೆ. ನೂರು ಕೊಟ್ಟರೆ 160 ನೇಪಾಳಿ ರೂಪಾಯಿ, ಲೆಕ್ಕ ಸುಲಭ.

ಉತ್ತರ 1: ವಿಮಾನ ಹತ್ತಲು ರೇಷನ್ ಕಾರ್ಡ್ ಹಿಡಿದು ಹೋಗಬೇಕು ಅಂತ ಯಾರಿಗೆ ಹೊಳೆಯುತ್ತದೆ ಸರ್? ಅಮ್ಮ ಬೆಂಚಿನ ಮೇಲೆ ಕೂತು ಅತ್ತಿದ್ದನ್ನು ನೀವು ನೋಡಿಲ್ಲ. ನಿಮ್ಮ ಕಾರಿನ ಕಥೆ ಇಲ್ಲಿ ಯಾಕೆ?

ಉತ್ತರ 3: 15ರಿಂದ 18ರವರಿಗೆ ಶಾಲೆಯ ಮುಖ್ಯಸ್ಥರು ಕೊಟ್ಟ ಗುರುತಿನ ಪತ್ರ ನಡೆಯುತ್ತದೆ. ನಾವಂತೂ ಭೂತಾನ್‌ಗೇ ಹೋದೆವು. ನಮ್ಮ ಕಡೆಯ ಗಡಿ ಊರು ಜೈಗಾಂವ್ ದಾಟಿ, ಅವರ ಕಡೆಯ ಫುಂಟ್‌ಶೋಲಿಂಗ್‌ನಲ್ಲಿ ಪರ್ಮಿಟ್. ಮಗುವಿಗೆ ಜನನ ಪ್ರಮಾಣ ಪತ್ರ. ಅಲ್ಲಿನ ಸರ್ಕಾರಕ್ಕೆ ತಲೆಗೆ ರಾತ್ರಿಗೆ 1,200 ರೂಪಾಯಿ ಪ್ರವಾಸಿ ಶುಲ್ಕ, 8 ವರ್ಷದ ಮಗನಿಗೆ 600. ಐದು ರಾತ್ರಿಗೆ ಮೂವರಿಗೆ 15,000. ಒಂದು ರೂಪಾಯಿಗೂ ಬೇಸರವಿಲ್ಲ.

ಉತ್ತರ 2: 2022ಕ್ಕೆ ಮುಂಚೆ ನಮಗೆ ಆ ಶುಲ್ಕವೇ ಇರಲಿಲ್ಲ. ಹೋಟೆಲ್ ಖರ್ಚು ಬೇರೆ. ಇದು ಸುಲಿಗೆ.

ಉತ್ತರ 3: ಅವರ ಕಾಡು, ಅವರ ದಾರಿ. ಜನ ಮುಗಿಬಿದ್ದು ಹಾಳಾಗಬಾರದು ಅಂತ ಕೇಳುತ್ತಾರೆ. ಕೊಡಲಾಗದವರು ಹೋಗಬೇಡಿ.

ಉತ್ತರ 1: ಭೂತಾನ್ ಜಗಳ ಸಾಕು. ಮೇಡಂ, ಅಮ್ಮನ ವೋಟರ್ ಐಡಿ ಇವತ್ತೇ ಹುಡುಕಿ. ಜೆರಾಕ್ಸ್ ಅಲ್ಲ, ಅಸಲಿ ಕಾರ್ಡು.