ಕಲಬುರಗಿಯಲ್ಲಿ ಮನೆ ಕಟ್ಟಲು ನಿಜವಾಗಿ ಎಷ್ಟು ತಿಂಗಳು ಬೇಕು?

ಪ್ರಶ್ನೆ: 30×40 ಸೈಟು, ಕೆಳಗೆ ಮೇಲೆ ಎರಡು ಮನೆ. ಗುತ್ತಿಗೆದಾರ ಎಂಟು ತಿಂಗಳು ಸಾಕು ಅಂತಾನೆ. ಯುಗಾದಿ ಆದ ಮೇಲೆ ಶುರು ಮಾಡಬೇಕೆಂದಿದ್ದೇವೆ. ಕಟ್ಟಿಸಿದವರು ಹೇಳಿ, ನಂಬಬಹುದಾ?

ಕಲಬುರಗಿಯಿಂದ: ಎಂಟು ತಿಂಗಳು ಸುಳ್ಳಲ್ಲ, ಆದರೆ ಅದು ಬರೀ ಕೆಲಸದ ಲೆಕ್ಕ, ಕಾಯೋದು ಅದರಲ್ಲಿ ಸೇರಿರೋದಿಲ್ಲ. ಮೊದಲು ಮಣ್ಣು ನೋಡಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದಕ್ಕೇ ಗಟ್ಟಿ ನೆಲ ಸಿಗುವವರೆಗೆ ಅಗೆದು ಮುರುಮ್ (ಗಟ್ಟಿ ಗರಸು ಮಣ್ಣು) ತುಂಬಬೇಕು, ಇಲ್ಲವೇ ಎಂಜಿನಿಯರ್ ಪೈಲ್ (ಆಳಕ್ಕಿಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ ಅಂತಾರೆ. ನಮ್ಮ ಪಾಯದ ಗುಂಡಿಗೆ ಮಳೆನೀರು ತುಂಬಿ, ಕೆಸರು ಒಣಗುವವರೆಗೆ ಎಲ್ಲರೂ ಸುಮ್ನೆ ಕೂತಿದ್ದೆವು. ಆಮೇಲೆ ಸ್ಲ್ಯಾಬು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್ ಅಗಲದವರೆಗೆ ಕೆಳಗಿನ ಆಸರೆ 7 ದಿನ ಇರಬೇಕು, ಅದಕ್ಕೂ ಜಾಸ್ತಿ ಇದ್ದರೆ 14, ಬೀಮು 6 ಮೀಟರ್ ದಾಟಿದರೆ 21. ಇದೂ ಓಪಿಸಿ, ಅಂದರೆ ಸಾದಾ ಸಿಮೆಂಟಿಗೆ. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಆದರೆ ಎಂಜಿನಿಯರನ್ನು ಕೇಳದೆ ಸೆಂಟ್ರಿಂಗ್ (ಆ ಆಸರೆ, ಹಲಗೆ) ಬಿಚ್ಚಿಸಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಕ್ಯೂರಿಂಗ್ (ಕಾಂಕ್ರೀಟನ್ನು ನೀರಿನಿಂದ ಒದ್ದೆಯಾಗಿಡೋದು) ಕನಿಷ್ಠ 10 ದಿನ, ಪಿಪಿಸಿಗೆ 14 ಇದ್ದರೆ ಒಳ್ಳೆಯದು. ಬೋರ್ ಒಣಗಿದ್ದರೆ ಟ್ಯಾಂಕರ್ ಮೊದಲೇ ಗೊತ್ತು ಮಾಡಿಕೊಳ್ಳಿ. ಸಿಮೆಂಟಿನ ಚಿಂತೆ ಬೇಡ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಪಕ್ಕದಲ್ಲೇ ಇವೆಯಲ್ಲ. ಉಸುಕು ಮಾತ್ರ ಮಳೆಗಾಲದಲ್ಲಿ ಕೈಗೆ ಸಿಗೋದಿಲ್ಲ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

ಯಾದಗಿರಿಯಿಂದ: ಯುಗಾದಿಗೆ ಶುರು ಮಾಡಿದರೆ ಗಿಲಾವು (ಪ್ಲಾಸ್ಟರಿಂಗ್) ಡಿಸೆಂಬರ್‌ಗೆ ಬಂದು ನಿಲ್ಲುತ್ತದೆ, ಆಗಲೇ ತೊಗರಿ ಕಟಾವು ಮತ್ತು ರಾಶಿ. ಕೂಲಿಯವರು ಹೊಲ ಬಿಟ್ಟು ಬರೋದಿಲ್ಲ, ಬರಬಾರದು ಕೂಡ, ಅವರ ವರ್ಷದ ಬೆಳೆ ಅಲ್ವಾ. ಉಳಿದವರು ಬೆಂಗಳೂರು, ಪುಣೆಗೆ ದುಡಿಯಲು ಹೋಗಿರುತ್ತಾರೆ. ನನ್ನ ಕೇಳಿದರೆ ದೀಪಾವಳಿ ಆದ ಮೇಲೆ ಪಾಯ ತೆಗೆಸಿ. ತೊಗರಿ ರಾಶಿಗೆ ಒಂದಿಷ್ಟು ದಿನ ಹೋದರೂ ಮಳೆಗಾಲದೊಳಗೆ ಮೇಲಿನ ಸ್ಲ್ಯಾಬು ಬಿದ್ದಿರುತ್ತದೆ.

ಬೀದರ್‌ನಿಂದ: ನಮ್ಮದು ಜಂಬಿಟ್ಟಿಗೆ ನೆಲ, ಪಾಯ ಬೇಗ ಮುಗಿಯಿತು. ತಡವಾಗಿದ್ದು ದುಡ್ಡಿನಿಂದ. ಸಾಲ ಕಂತಿನಲ್ಲಿ ಬರುತ್ತದೆ, ಬ್ಯಾಂಕಿನವರು ಬಂದು ಕೆಲಸ ನೋಡಿದ ಮೇಲೆಯೇ ಮುಂದಿನ ಕಂತು, ಅಷ್ಟರಲ್ಲಿ ಮೇಸ್ತ್ರಿ ಬೇರೆ ಕಡೆ ಕೆಲಸ ಹಿಡಿದಿರುತ್ತಾನೆ. ಒಂದು ಹಂತಕ್ಕೆ ಬೇಕಾದಷ್ಟು ಕೈಯಲ್ಲಿಟ್ಟುಕೊಂಡೇ ಇಳಿಯಿರಿ. ಗುತ್ತಿಗೆದಾರನಿಗೆ ತಿಂಗಳ ಲೆಕ್ಕದಲ್ಲಿ ಕೊಡಬೇಡಿ, ಪಾಯಕ್ಕೆ ಇಷ್ಟು, ಸ್ಲ್ಯಾಬಿಗೆ ಇಷ್ಟು ಅಂತ ಬರೆಸಿ. ಕೊನೆಯ ಕಂತು ದೊಡ್ಡದಿರಲಿ. ಇವರು ಕೈಕೊಡೋದು ಬಾಗಿಲು, ನಲ್ಲಿ, ಬಣ್ಣದ ಹೊತ್ತಿಗೇ.